ಬೈರಯ್ಯನವರ ಎಡೆ

ಚೊಂಯ್.

ಒಲೆಯಿಂದ ಇಳಿಸಿದ ಹಿಟ್ಟಿನ ತಪ್ಪಲೆಗೆ ಒಂದು ಚೊಂಬು ತಣ್ಣೀರು ಬಿದ್ದಾಗ ಏಳುವ ಸದ್ದು ಅದು. ಹಾಸನದ ಆ ಮನೆಯಲ್ಲಿ ದಿನವೂ ಊಟದ ಹೊತ್ತಿಗೆ ತಪ್ಪದೆ ಏಳುತ್ತಿತ್ತು. ಮುದ್ದೆ ಕಟ್ಟಿ ತಟ್ಟೆಯಲ್ಲಿಟ್ಟ ಮರುಗಳಿಗೆಗೇ ಲಕ್ಷ್ಮಿದೇವಮ್ಮ ಪಾತ್ರೆಗೆ ನೀರು ಸುರಿಯುತ್ತಿದ್ದರು. ಬಿಟ್ಟರೆ ಒಣಗುತ್ತದೆ, ಒಣಗಿದರೆ ಉಜ್ಜಬೇಕು, ಎಷ್ಟು ಉಜ್ಜಿದರೂ ತಳದಲ್ಲಿ ಒಂದು ಕಂದು ಉಂಗುರ ಉಳಿದೇ ಉಳಿಯುತ್ತದೆ. ಜೀವನವೆಲ್ಲ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿದವರು. ಒರೆಸದ ಬೋರ್ಡು, ನೆನೆಹಾಕದ ಪಾತ್ರೆ ಎರಡೂ ಅವರ ಕಣ್ಣಿಗೆ ಒಂದೇ. ಎದುರಿಗಿದ್ದರೆ ಕೈ ಸುಮ್ಮನಿರುತ್ತಿರಲಿಲ್ಲ.

ಆ ಸದ್ದಿಗೆ ಅವರ ಗಂಡ ಬೈರಯ್ಯ ತಲೆ ಎತ್ತುತ್ತಿದ್ದರು. ಮಗಳ ಜಡೆ ಹೆಣೆಯುತ್ತಿರಲಿ, ಮಗನ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿರಲಿ, ಚೊಂಯ್ ಎಂದ ಕೂಡಲೇ ಕೈ ನಿಲ್ಲಿಸಿ ಅಡುಗೆಮನೆಯ ಕಡೆ ಒಮ್ಮೆ ನೋಡುತ್ತಿದ್ದರು. ಹಸಿದಿದ್ದಾರೆ ಅಂದುಕೊಂಡು ಲಕ್ಷ್ಮಿದೇವಮ್ಮ ಒಳಗಿನಿಂದಲೇ "ಬನ್ನಿ, ಬಡಿಸ್ತೀನಿ" ಅನ್ನುತ್ತಿದ್ದರು.

"ಬಂದೆ, ಬಡಿಸು," ಅನ್ನುತ್ತ ಬೈರಯ್ಯ ಕೈ ತೊಳೆಯಲು ಏಳುತ್ತಿದ್ದರು.

ಈಗ ಬೈರಯ್ಯ ಇಲ್ಲ. ರಿಟೈರಾಗಿ ವರ್ಷ ತುಂಬಿರಲಿಲ್ಲ. ಶಿವರಾತ್ರಿ ಕಳೆದ ಮರುವಾರ, ಬೆಳಗಿನ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಹಾಗೇ ಗೋಡೆಗೆ ಒರಗಿಬಿಟ್ಟರು. ಅಳುವುದು ಅತ್ತದ್ದಾಯಿತು, ಮಾಡಬೇಕಾದ್ದು ಮಾಡಿದ್ದಾಯಿತು. ಮಳೆಗಾಲ ಬಂದು ಹೋಯಿತು. ಹಿರಿಯರ ಹಬ್ಬ ಹತ್ತಿರವಾಯಿತು.

ದಂಡಿಗನಹಳ್ಳಿಯಿಂದ ವಾರಗಿತ್ತಿಯ ಫೋನು ಬಂತು. ಬೈರಯ್ಯನವರ ಅಣ್ಣನ ಹೆಂಡತಿ. ಮಕ್ಕಳ ಬಾಯಲ್ಲಿ ದೊಡ್ಡಮ್ಮ.

"ಲೇ ಲಕ್ಷ್ಮಿ, ಮೊದಲ್ನೇ ವರ್ಸ ಕಣೆ. ಈ ಸಲ ಎಡೆ ಆಸನದ ಮನೇಲೇ ಇಕ್ಕಾನ. ನಾನು ಅಬ್ಬದ್ ಇಂದಿನ್ ದಿನಾನೇ ಬತ್ತೀನಿ. ಮೈದುನಂಗೆ ಏನಿಷ್ಟನೋ ಅದನ್ನ ನೀನು ಮಾಡು, ಮಿಕ್ಕಿದ್ದೆಲ್ಲ ನಾನ್ ನೋಡ್ಕತೀನಿ."

"ಆಯ್ತಕ್ಕ."

"ಉಸಾರು ಕಣೆ. ಇಷ್ಟ ಇಲ್ದಿರಾದ್ನ ಇಕ್ಕುದ್ರೆ ಬಂದೋರು ಎಲೆ ಮುಟ್ಟದೆ ಎದ್ದೋಯ್ತಾರೆ. ಅತ್ತೆ ಎಡೆಗೆ ಎಲೆ ಅಡ್ಕೆ ಇಕ್ಕಾದ್ ಮರ್ತಿದ್ದಕ್ಕೆ ಆ ವರ್ಸ ನಮ್ ಬಾವಿ ಬತ್ತೋಗ್ಲಿಲ್ವ?"

"ಆ ವರ್ಷ ಊರಿನ ಬಾವಿ ಎಲ್ಲಾನೂ ಬತ್ತಿದ್ವಲ್ಲಕ್ಕ."

"ಊರೋರೆಲ್ಲ ಮರ್ತಿದ್ರೇನೋ, ಯಾರ್ ಕಂಡೋರು! ಅದಿರ್ಲಿ, ಏನ್ ಮಾಡ್ತೀಯ ಅವನ್ಗೆ?"

ಲಕ್ಷ್ಮಿದೇವಮ್ಮ ಬಾಯಿ ತೆರೆದರು. ಬಸ್ಸಾರು ಅನ್ನುವವರಿದ್ದರು. ಮಾತು ತುಟಿಗೆ ಬಂದು ಅಲ್ಲೇ ನಿಂತಿತು. ಬಸ್ಸಾರು ನನಗಿಷ್ಟ. ಅವರಿಗೆ?

"ಯೋಚ್ನೆ ಮಾಡಿ ಹೇಳ್ತೀನಕ್ಕ," ಎಂದು ಫೋನಿಟ್ಟರು. ಗಂಡನಿಗೆ ಏನಿಷ್ಟ ಎನ್ನುವುದಕ್ಕೂ ಯೋಚನೆ ಮಾಡಬೇಕಾಯಿತಲ್ಲ ಎಂದು ಅವರಿಗೇ ಸೋಜಿಗವಾಯಿತು.

ಬೈರಯ್ಯನವರ ತಂದೆ ದಂಡಿಗನಹಳ್ಳಿ ಕೆರೆಯ ನೀರುಗಂಟಿ. ಏರಿಯ ಮೇಲೆ ನಿಂತು ಯಾವ ಗದ್ದೆಗೆ ನೀರಿನ ಸರದಿ ಎಂದು ಕೂಗಿ ತೂಬು ಎತ್ತುವುದು ಅವರ ಕೆಲಸ. "ಕಲ್ಲುಗದ್ದೆಗೆ!" ಎಂದು ಅವರು ಕೂಗಿದರೆ ಕೆಳಗಿನ ಬಯಲಿನಿಂದ "ಕಲ್ಲುಗದ್ದೆಗೆ!" ಎಂದು ತಿರುಗಿ ಕೂಗು ಬರಬೇಕು. ಬಾರದೆ ಅವರು ತೂಬಿಗೆ ಕೈ ಹಾಕಿದವರಲ್ಲ. ಒಂದು ಸಲ ಕೇಳಿಸಿಕೊಂಡವನು ತಪ್ಪಾಗಿ ಕೇಳಿಸಿಕೊಂಡರೆ ಯಾರದೋ ಕಳೆಗದ್ದೆಗೆ ನೀರು, ಯಾರದೋ ಪೈರಿಗೆ ಬಿಸಿಲು. ಹಾಗೆ ತಿರುಗಿ ಕೂಗಲು ಬಯಲಲ್ಲಿ ನಿಲ್ಲುತ್ತಿದ್ದದ್ದು ಕಿರಿಯ ಮಗ ಬೈರ.

ಆ ಬೈರ ಚನ್ನರಾಯಪಟ್ಟಣದ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಮುಗಿಸಿ, ಹಾಸನದಲ್ಲಿ ಎಂಜಿನಿಯರಿಂಗ್ ಓದಿ, ಊರ ಹೊರಗಿನ ಬಾಹ್ಯಾಕಾಶ ಕೇಂದ್ರಕ್ಕೆ ಸೇರಿದಾಗ ಮನೆಯವರಿಗೆ ಅಲ್ಲಿ ಏನು ಕೆಲಸ ಎಂದು ತಿಳಿಯಲಿಲ್ಲ. ದೊಡ್ಡ ದೊಡ್ಡ ಬಿಳಿ ಬಾಂಡ್ಲಿಗಳನ್ನು ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿದ್ದಾರೆ, ಅಷ್ಟೇ ಗೊತ್ತು. ಕೇಳಿದರೆ ಬೈರಯ್ಯ "ದನ ಕಾಯ್ತೀನಿ" ಅನ್ನುತ್ತಿದ್ದರು. ಮೇಲೆ ಕಳಿಸಿದ ಉಪಗ್ರಹ ನಿಲ್ಲಿಸಿದ ಜಾಗದಲ್ಲೇ ನಿಲ್ಲುವುದಿಲ್ಲ, ಮೇಯುತ್ತ ಮೇಯುತ್ತ ಪಕ್ಕದ ಹೊಲಕ್ಕೆ ಹೋಗುತ್ತದೆ, ಆಗಾಗ ಹಗ್ಗ ಎಳೆದು ಜಾಗಕ್ಕೆ ತರಬೇಕು, ಹೊಟ್ಟೆಯಲ್ಲಿ ಎಷ್ಟು ಇಂಧನ ಉಳಿದಿದೆ ನೋಡಿಕೊಂಡು ಎಳೆಯಬೇಕು ಎಂದು ವಿವರಿಸುತ್ತಿದ್ದರು. "ಇಂಜಿನೇರು ಓದಿ ಕೊನೀಗೂ ದನ ಕಾಯಾಕೇ ಓದ್ನಲ್ಲ," ಎಂದು ದೊಡ್ಡಮ್ಮ ಇವತ್ತಿಗೂ ನಗುತ್ತಾರೆ.

ಕೆಲಸಕ್ಕೆ ಸೇರಿದ ಮೊದಲ ದಿನ ಕಂಟ್ರೋಲ್ ರೂಮಿನಲ್ಲಿ ಒಬ್ಬರು ಆಜ್ಞೆಯನ್ನು ಗಟ್ಟಿಯಾಗಿ ಓದಿದರಂತೆ. ಪಕ್ಕದಲ್ಲಿದ್ದವರು ಅದನ್ನೇ ಅಕ್ಷರ ಬಿಡದೆ ವಾಪಸ್ ಹೇಳಿದರಂತೆ. ಆಮೇಲೆಯೇ ಅದು ಮೇಲಕ್ಕೆ ಹೋಗುವುದು. ಬೈರಯ್ಯನಿಗೆ ನಗು ತಡೆಯಲಾಗಲಿಲ್ಲವಂತೆ. ಇದು ಅಪ್ಪನ ಕೆಲಸವಲ್ಲವೇ!

ಹೀಗೆ ಎರಡು ಕಡೆಯಿಂದ ಬಂದ ಅಭ್ಯಾಸ ಮನೆಯಲ್ಲೂ ಉಳಿಯಿತು. "ಬರ್ತಾ ಕೊತ್ತಂಬರಿ, ಒಂದು ನಿಂಬೆಹಣ್ಣು ತನ್ನಿ" ಎಂದರೆ "ಕೊತ್ತಂಬರಿ, ಒಂದು ನಿಂಬೆಹಣ್ಣು" ಎಂದು ವಾಪಸ್ ಹೇಳಿಯೇ ಹೊಸಿಲು ದಾಟುವುದು. ಮದುವೆಯಾದ ಹೊಸದರಲ್ಲಿ ಲಕ್ಷ್ಮಿದೇವಮ್ಮನಿಗೆ ಅಣಕಿಸುತ್ತಿದ್ದಾರೇನೋ ಅನಿಸಿತ್ತು. ಆಮೇಲೆ ಅದೇ ಹಿತವಾಯಿತು. ಎಷ್ಟು ಮನೆಗಳಲ್ಲಿ ಹೆಂಗಸರು ಆಡಿದ ಮಾತು ಗೋಡೆಗೆ ಬಿದ್ದು ಹೋಗುತ್ತದೆ! ತಮ್ಮ ಮಾತು ಮಾತ್ರ ಒಂದಕ್ಷರ ಕಳೆಯದೆ ತಮ್ಮ ಕಿವಿಗೇ ಮರಳಿ ಬರುತ್ತದೆ. ಒಂದು ಭಾನುವಾರ ಹಾಸನದ ಹತ್ತಿರದ ಮೊಸಳೆ ಎಂಬ ಹಳ್ಳಿಗೆ ಹೋಗಿ ಅಲ್ಲಿನ ಒಂದರಂತೆ ಇನ್ನೊಂದಿರುವ ಜೋಡಿ ಗುಡಿಗಳ ನಡುವೆ ನಿಂತಿದ್ದಾಗ ಬೈರಯ್ಯ ಇತ್ತ ಒಮ್ಮೆ ಅತ್ತ ಒಮ್ಮೆ ನೋಡಿ, "ಇದು ಹೇಳ್ತು, ಅದು ವಾಪಸ್ ಹೇಳ್ತು, ನೋಡು" ಎಂದಿದ್ದರು. "ನಮ್ಮ ಹಾಗೆ," ಎಂದಿದ್ದರು ಲಕ್ಷ್ಮಿದೇವಮ್ಮ. "ನಮ್ಮ ಹಾಗೆ," ಎಂದಿದ್ದರು ಬೈರಯ್ಯ.

ವಾರಗಿತ್ತಿಯ ಫೋನು ಬಂದ ವಾರದ ಭಾನುವಾರ ಹೊಳೆನರಸೀಪುರದ ಬ್ಯಾಂಕಿನಲ್ಲಿ ಕೆಲಸದಲ್ಲಿರುವ ಮಗ ಪೃಥ್ವಿರಾಜ್ ಮನೆಗೆ ಬಂದಿದ್ದ. ಮಗಳು ತೇಜಶ್ರೀ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದಳು. ಲಕ್ಷ್ಮಿದೇವಮ್ಮ ಇಬ್ಬರನ್ನೂ ಕೇಳಿದರು.

"ಅಪ್ಪಂಗಾ? ಚಿತ್ರಾನ್ನ," ಎಂದಳು ತೇಜಶ್ರೀ, ಯೋಚನೆಯನ್ನೇ ಮಾಡದೆ.

"ಹೋಗೆ ಸುಮ್ನೆ. ಆಮ್ಲೆಟ್," ಎಂದ ಪೃಥ್ವಿ.

"ಆಮ್ಲೆಟ್ ನಿಂಗಿಷ್ಟ ಕಣೋ. ನೀನು ಅಪ್ಪಾ ಆಮ್ಲೆಟ್ ಅಂತಿದ್ದೆ, ಅಪ್ಪ ಆಮ್ಲೆಟ್ ಅಂತಿದ್ರು."

"ಮತ್ತೆ ನಿನ್ ಚಿತ್ರಾನ್ನದ ಕಥೆ ಏನಮ್ಮ?"

"ಚಿತ್ರಾನ್ನ ಅಂತ ಮೊದ್ಲು ಅಂತಿದ್ದೋಳೂ ನಾನೇ," ಎಂದಳು ತೇಜಶ್ರೀ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಲ್ಲಮ್ಮ," ಎಂದ ಪೃಥ್ವಿ. "ಗೋಡೆ ಮೇಲೆ ಬುದ್ಧನ ಫೋಟೊ ಹಾಕಿದೋರು ಅಪ್ಪ. ಎಡೆಗಿಡೆ ಎಲ್ಲ ಅವ್ರು ನಂಬ್ತಿದ್ರಾ?"

ಹಿರಿಯರ ಹಬ್ಬದ ಹೊತ್ತಿಗೆ ಬೈರಯ್ಯ ಯಾವತ್ತೂ ಮನೆಯಲ್ಲಿ ನಿಂತವರಲ್ಲ. ಸರಿಯಾಗಿ ಆ ದಿನಗಳಲ್ಲೇ ಭೂಮಿಯ ನೆರಳು ಉಪಗ್ರಹಗಳ ಮೇಲೆ ಬೀಳುತ್ತದೆ, ಬಿಸಿಲಿಲ್ಲದೆ ಅವು ಬ್ಯಾಟರಿಯ ಮೇಲೆ ಬದುಕಬೇಕು, ಪಕ್ಕದಲ್ಲಿ ಯಾರಾದರೂ ಕೂತಿರಲೇಬೇಕು. ಅಪ್ಪ ಅವ್ವನ ಎಡೆಗೆ ಕೈ ಮುಗಿಯುವ ಕೆಲಸವೂ ಲಕ್ಷ್ಮಿದೇವಮ್ಮನದೇ ಆಗಿತ್ತು.

"ನಂಬ್ತಿದ್ರೋ ಬಿಟ್ರೋ, ಅದನ್ನ ನಿಮ್ಮಪ್ಪನ್ನೇ ಕೇಳ್ಬೇಕು," ಎಂದರು ಅವರು. "ನನ್ನ ಚಿಂತೆ ಅದಲ್ಲ ಕಣೋ. ಇಷ್ಟು ವರ್ಷ ಎದುರಿಗೆ ಕೂತು ಉಂಡ ಮನುಷ್ಯಂಗೆ ಏನಿಷ್ಟ ಅಂತ ನಂಗೆ ಗೊತ್ತಿಲ್ಲ ಅಂದ್ರೆ, ನಾನು ಯಾರ್ ಜೊತೆ ಬಾಳಿದೆ?"

ಮರುದಿನ ರಜನೀಶ್ ಬಂದ. ಕಂಟ್ರೋಲ್ ರೂಮಿನಲ್ಲಿ ಬೈರಯ್ಯನವರ ಪಕ್ಕದ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತವನು. ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿ ನಂಜಯ್ಯನವರ ಮಗ. ಹಬ್ಬಕ್ಕೆಂದು ಅಪ್ಪ ಕಳಿಸಿದ ಕಾಯಿಗಳ ಚೀಲವನ್ನು ಬಾಗಿಲ ಬಳಿ ಇಳಿಸಿ, ಶಿಫ್ಟಿಗೆ ಹೊತ್ತಾಗುತ್ತೆ ಅನ್ನುತ್ತಲೇ ಕಾಫಿಗೆ ಕೂತ.

"ನಿಮ್ಮ ಸರ್‌ಗೆ ಏನಪ್ಪ ಇಷ್ಟ ಇತ್ತು? ತಿನ್ನೋದ್ರಲ್ಲಿ."

"ಬಸ್ಸಾರಲ್ವಾ ಅಮ್ಮ? ಡಬ್ಬಿ ತುಂಬ ಅದೇ ತರ್ತಿದ್ರಲ್ಲ."

"ಅದು ನಾನು ಕಳಿಸ್ತಿದ್ದೆ. ಬೆಳಿಗ್ಗೆ ಎದ್ದು ಬಸ್ಸಾರು ಮಾಡ್ಲಾ ಅಂತಿದ್ದೆ, ಅವ್ರು ಬಸ್ಸಾರು ಅಂತಿದ್ರು. ಬೇಕು ಅಂತಾನೇ ತಾನೇ ಅದರ ಅರ್ಥ?"

ರಜನೀಶ್ ಲೋಟವನ್ನು ಕೆಳಗಿಟ್ಟ.

"ಇಲ್ಲಮ್ಮ. ವಾಪಸ್ ಹೇಳೋದು ಒಪ್ಪಿಗೆ ಅಲ್ಲ. ನೀವು ಹೇಳಿದ್ದು ನನ್ನ ಕಿವಿಗೆ ಸರಿಯಾಗಿ ಬಿತ್ತು ಅಂತ, ಅಷ್ಟೇ. ಬೇಕು ಬೇಡ, ಸರಿ ತಪ್ಪು, ಅದೇನೂ ಅದರಲ್ಲಿ ಇರಲ್ಲ. ಮನಸ್ಸಿಗೆ ಒಪ್ಪದಿದ್ರೂ ವಾಪಸ್ ಹೇಳ್ಲೇಬೇಕು."

"ಮತ್ತೆ ಒಪ್ಪಿಗೆ ಹೇಳೋದು ಯಾವಾಗ?"

"ಅದನ್ನ ಬೇರೆಯಾಗಿ ಕೇಳ್ಬೇಕು. ಹೇಳಿದೋನು ಎರಡನೇ ಸಲ ಕೇಳ್ತಾನೆ, ಕಳಿಸ್ಲಾ ಅಂತ. ಆಗ ಕಳಿಸು ಅಂದ್ರೆ ಒಪ್ಪಿಗೆ."

ಲಕ್ಷ್ಮಿದೇವಮ್ಮ ಕಾಯಿ ಚೀಲದ ಬಾಯಿಯನ್ನು ಬಿಚ್ಚಿ ಮತ್ತೆ ಕಟ್ಟಿದರು.

"ನಾನು ಎರಡನೇ ಸಲ ಕೇಳ್ಲೇ ಇಲ್ಲವಲ್ಲಪ್ಪ."

ರಜನೀಶ್ ಎದ್ದು ಚಪ್ಪಲಿ ಹಾಕಿಕೊಳ್ಳುತ್ತ, "ಒಂದ್ ಕೆಲಸ ಮಾಡಿ. ಕ್ಯಾಂಟೀನ್ ಬೋರಪ್ಪನ್ನ ಕೇಳಿ," ಎಂದ. "ಸರ್ ಊಟ ಆದ್ಮೇಲೆ ಅಡುಗೆಮನೆ ಒಳಕ್ಕೆ ಹೋಗಿಬಿಡ್ತಿದ್ರು. ಒಳಗೆ ಏನು ನಡೀತಿತ್ತೋ ನಮಗೆ ಕಾಣ್ತಿರ್ಲಿಲ್ಲ. ಒಂದ್ಸಲ ಅಂತೂ ಅದರಿಂದ ದೊಡ್ಡ ಫಜೀತಿನೇ ಆಗಿತ್ತು, ಇನ್ನೊಂದಿನ ಹೇಳ್ತೀನಿ. ಬೋರಪ್ಪ ಈಗ ಅರಕಲಗೂಡಲ್ಲಿ ಮೆಸ್ ಇಟ್ಟಿದ್ದಾನೆ, ಬಸ್‌ಸ್ಟ್ಯಾಂಡ್ ಹತ್ರಾನೇ."

ಅರಕಲಗೂಡಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಲಕ್ಷ್ಮಿದೇವಮ್ಮನಿಗೆ ತಮ್ಮ ಮೇಲೆ ತಮಗೇ ಸಣ್ಣ ನಗು ಬಂತು. ಗಂಡನ ಊಟದ ವಿಷಯ ತಿಳಿಯಲು ಪರ ಊರಿನ ಹೋಟೆಲಿನವನನ್ನು ಹುಡುಕಿಕೊಂಡು ಹೊರಟಿದ್ದಾರೆ! ಮಗಳಿಗೂ ಹೇಳಿರಲಿಲ್ಲ. ಆದರೆ ಆ ನಗುವಿನ ಅಡಿಯಲ್ಲಿ ಒಂದು ಅಳುಕಿತ್ತು. ಬೋರಪ್ಪ ಇನ್ನಾವುದೋ ಮನುಷ್ಯನ ಕಥೆ ಹೇಳಿಬಿಟ್ಟರೆ? ತಾನು ಅರಿಯದ, ಬೇರೆಯೇ ಒಬ್ಬ ಬೈರಯ್ಯ ಅಲ್ಲಿ ಸಿಕ್ಕಿಬಿಟ್ಟರೆ?

ಊಟದ ಹೊತ್ತು ಮುಗಿದಿತ್ತು. ಬೋರಪ್ಪ ಬೆಂಚಿನ ಮೇಲೆ ಬನಿಯನ್ನಿನಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ.

"ಊಟ ಮುಗೀತು ಅಮ್ಮಾವ್ರೆ. ಒಂದು ಗಳಿಗೆ ತಡೆದ್ರೆ ದೋಸೆ ಉಯ್ಕೊಡ್ತೀನಿ."

"ಊಟಕ್ಕಲ್ಲಪ್ಪ. ನಾನು ಹಾಸನದ ಬೈರಯ್ಯನವರ ಮನೆಯೋಳು."

ಬೆಳ್ಳುಳ್ಳಿ ಬೆಂಚಿನ ಮೇಲೆಲ್ಲ ಚೆಲ್ಲಿತು. ಬೋರಪ್ಪ ಎದ್ದು ನಿಂತು, ಹೆಗಲ ಮೇಲಿನ ಟವೆಲನ್ನು ಎದೆಗೆ ಹೊದ್ದುಕೊಂಡ.

"ಅಯ್ಯಯ್ಯೋ, ನಮ್ ಬೈರಯ್ಯ ಸಾ ಮನೆಯೋರಾ! ಕೂತ್ಕಳಿ, ಕೂತ್ಕಳಿ. ಸುದ್ದಿ ಬಂದಾಗ ನಾನು ಜ್ವರದಲ್ಲಿ ಮಲ್ಗಿದ್ದೆ, ಮಣ್ಣಿಗೆ ಬರಾಕೆ ಆಗ್ಲಿಲ್ಲ." ಕಣ್ಣೊರೆಸಿಕೊಂಡ. "ಎಂಥಾ ಮನ್ಸ! ಆದ್ರೂ ಒಂದ್ ಮಾತ್ ಏಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ನನ್ ಕ್ಯಾಂಟೀನಲ್ಲಿ ನನಗೆ ಕಾಟ ಕೊಟ್ಟಿದ್ದು ಅಂದ್ರೆ ಅವ್ರೊಬ್ರೇಯ."

"ಯಾಕಪ್ಪ? ಅಡುಗೆಗೆ ಹೆಸರಿಡ್ತಿದ್ರಾ?"

"ಎಲ್ಲಾರ ಉಂಟಾ! ಅಡುಗೆ ಎಂಗಿದ್ರೂ ಉಣ್ಣೋರು. ಉಂಡಾದ್ ಮೇಲೆ ಸುರುವಾಗದು ಕಾಟ. ಇಟ್ಟಿನ್ ತಪ್ಲೆ ತೊಳಿಯಾಕೆ ಬಿಡ್ತಿರ್ಲಿಲ್ಲ."

ಲಕ್ಷ್ಮಿದೇವಮ್ಮನಿಗೆ ಅರ್ಥವಾಗಲಿಲ್ಲ.

"ಸೀಕಲು ಅಮ್ಮಾವ್ರೆ! ತಳಕ್ಕೆ ಅತ್ತಿರ್ತದಲ್ಲ ಇಟ್ಟಿನ ಚಕ್ಕೆ, ಅದು. ಬಾಗ್ಲಾಗೆ ಬಂದು ನಿಂತ್ಕಳೋರು. ನಾನು ಸಟ್ಟುಗ ತಕ್ಕಂಡು ಕರ ಕರ ಕರ ಅಂತ ಕೆರೀಬೇಕು, ಅವ್ರು ಅಂಗೈ ಒಡ್ಬೇಕು. ತಿಂತಾ ತಿಂತಾ ಕಣ್ಣು ಮುಚ್ಕಳೋರು ಕಣ್ರಮ್ಮ, ನಮ್ ಹಸ ಮೆಲುಕು ಆಕ್ದಂಗೆ. ದೊಡ್ಡ ಸೈಂಟಿಸ್ಟು, ನೋಡಿದ್ರೆ ನಗು ಬರಾದು."

ಬೋರಪ್ಪ ಮಾತಾಡುತ್ತಲೇ ಒಳಗೆ ಹೋದ. ಕರ ಕರ ಸದ್ದಾಯಿತು. ಸಣ್ಣ ತಟ್ಟೆಯಲ್ಲಿ ಕಂದು ಚಕ್ಕೆಗಳನ್ನು ತಂದು ಮುಂದಿಟ್ಟ. ಕಾಗದದಷ್ಟು ತೆಳ್ಳಗೆ, ಅಂಚು ಸುರುಳಿಕೊಂಡಿದ್ದವು.

"ಇದು ಸೀದೇ ಹೋಗಿದೆಯಲ್ಲಪ್ಪ."

"ಸೀದಿಲ್ಲ. ಸೀಯಾಕೆ ಒಂದು ಗಳಿಗೆ ಮುಂಚೆ. ತಿಂದ್ ನೋಡಿ."

ಲಕ್ಷ್ಮಿದೇವಮ್ಮ ಒಂದು ಚೂರು ಬಾಯಿಗಿಟ್ಟರು. ಕುರುಕ್ ಎಂದಿತು. ಹುರಿದ ರಾಗಿಯ ಘಮ, ಕೊನೆಯಲ್ಲಿ ನಾಲಿಗೆಯ ಅಂಚಿಗೆ ತೀರ ಸಣ್ಣದೊಂದು ಕಹಿ. ಇನ್ನೊಂದು ಚೂರು ತೆಗೆದುಕೊಂಡರು. ಹುಡುಕಾಟದಲ್ಲಿ ಹೊಸದೇನೋ ಸಿಕ್ಕ ಮಗುವಿನ ಹಾಗೆ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಹೆಂಗೆ ಮಾಡ್ತೀಯ ಇದನ್ನ?"

"ಮಾಡಾದೇನು, ಏನೂ ಮಾಡ್ದೇ ಇರಾದು! ಇಟ್ಟು ತಕ್ಕಂಡ್ ಮೇಲೆ ತಪ್ಲೇನ ಸಣ್ಣ ಉರಿ ಮ್ಯಾಲೆ ಸುಮ್ಕೆ ಬಿಟ್ಬುಡಾದು. ಅದಾಗದೇ ಬುಟ್ಕತದೆ. ನೀರು ಮಾತ್ರ ಉಯ್ಯಂಗಿಲ್ಲ. ನೀರು ಬಿತ್ತೋ, ಮುಗೀತು."

ಚೊಂಯ್.

ಅರಕಲಗೂಡಿನ ಆ ಬೆಂಚಿನ ಮೇಲೆ ಕೂತವರಿಗೆ ತಮ್ಮ ಅಡುಗೆಮನೆಯ ಸದ್ದು ಸ್ಪಷ್ಟವಾಗಿ ಕೇಳಿಸಿತು. ಆ ಸದ್ದಿಗೆ ತಲೆ ಎತ್ತುತ್ತಿದ್ದ ಮುಖವೂ ಕಾಣಿಸಿತು. ಹಸಿವು ಅಂದುಕೊಂಡಿದ್ದರು. ಅದು ಹಸಿವಲ್ಲ, ದಿನವೂ ಕೈತಪ್ಪಿ ಹೋಗುತ್ತಿದ್ದ ಒಂದು ತಪ್ಪಲೆಯ ಸೀಕಲು.

"ಮನೇಲಿ ಯಾಕೆ ಕೇಳ್ಲಿಲ್ಲ ಅವರು?"

"ನಾನೂ ಅದನ್ನೇ ಕೇಳಿದ್ದೆ. ನಮ್ಮನೇಲಿ ಯಾವತ್ತೂ ತಳ ಅತ್ತಲ್ಲ ಅಂತ ನಮ್ಮನೆಯೋಳು ಏಳವ್ಳೆ ಬೋರಪ್ಪ, ನಾನೂ ವಾಪಸ್ ಏಳ್ಬುಟ್ಟಿವ್ನಿ, ಅಂದ್ರು. ನಗ್ತಾನೇ ಅಂದ್ರು. ಅದ್ಯಾನು ವಾಪಸ್ಸೋ ನಂಗ್ ತಿಳೀಲಿಲ್ಲ."

ಲಕ್ಷ್ಮಿದೇವಮ್ಮನಿಗೆ ತಿಳಿಯಿತು.

ಹೊಳೆನರಸೀಪುರದಿಂದ ದಂಡಿಗನಹಳ್ಳಿಗೆ ಸೊಸೆಯಾಗಿ ಬಂದ ಮೊದಲ ವಾರ. ಸೌದೆ ಒಲೆಯ ಅಭ್ಯಾಸವಿಲ್ಲ. ಹಿಟ್ಟು ತಳ ಹತ್ತಿ ಮನೆಯೆಲ್ಲ ಹೊಗೆ. "ಒಳೆ ದಂಡೇಲಿ ಉಟ್ಟಿದೋರು ನೀರ್ ನೋಡವ್ರೆ, ಬೆಂಕಿ ನೋಡಿಲ್ಲ," ಎಂದು ಅತ್ತೆ ನೆಂಟರೆದುರೇ ಅಂದಿದ್ದರು. ಆಗ ಬೈರಯ್ಯ ಬಂದು ತಪ್ಪಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಷ್ಟನ್ನೂ ಕೆರೆದು ಕೆರೆದು ತಿಂದು ಮುಗಿಸಿದ್ದರು. ಹೆಂಡತಿಯ ಮಾನ ಉಳಿಸಲು ತಿಂದರು ಎಂದೇ ಲಕ್ಷ್ಮಿದೇವಮ್ಮ ನಂಬಿದ್ದರು. ಆ ಮನುಷ್ಯನ ಮೇಲೆ ಅವರಿಗೆ ಮೊದಲು ಪ್ರೀತಿ ಹುಟ್ಟಿದ್ದೇ ಆ ಗಳಿಗೆಯಲ್ಲಿ. ಆಮೇಲೆ ಹಿತ್ತಲಲ್ಲಿ ನಿಂತು ಕಣ್ಣೊರೆಸಿಕೊಂಡು ಹೇಳಿದ್ದರು: "ಇನ್ಮೇಲೆ ನಮ್ಮನೇಲಿ ಯಾವತ್ತೂ ತಳ ಹತ್ತಲ್ಲ." ಬೈರಯ್ಯ ಅವರ ಮುಖವನ್ನೇ ನೋಡುತ್ತ ಕೊಂಚ ತಡೆದಿದ್ದರು. ಬಳಿಕ, "ಯಾವತ್ತೂ ತಳ ಹತ್ತಲ್ಲ," ಎಂದಿದ್ದರು.

ಆ ತಡೆದ ಗಳಿಗೆ ಇವತ್ತು ಅರ್ಥವಾಯಿತು.

ಹೊರಡುವಾಗ ಬೋರಪ್ಪ ಉಳಿದ ಚಕ್ಕೆಗಳನ್ನು ಬಾಳೆಲೆಯಲ್ಲಿ ಕಟ್ಟಿಕೊಟ್ಟ. ಹಾಸನ ಸೇರುವಷ್ಟರಲ್ಲಿ ಪೊಟ್ಟಣ ಖಾಲಿಯಾಗಿತ್ತು.

ಹಬ್ಬದ ದಿನ ಮನೆಯಲ್ಲಿ ಹೆಜ್ಜೆ ಇಡಲು ಜಾಗವಿರಲಿಲ್ಲ. ದೊಡ್ಡಮ್ಮ ಹಿಂದಿನ ಸಂಜೆಯೇ ಬಂದು ಒಲೆಯ ಪಕ್ಕ ಠಿಕಾಣಿ ಹೂಡಿದ್ದರು. ವಡೆ, ಪಾಯಸ, ಕೋಳಿ ಸಾರು, ಮೊಟ್ಟೆ. ತೇಜಶ್ರೀ ಚಿತ್ರಾನ್ನ ಕಲಸಿದಳು, ಪೃಥ್ವಿ ಆಮ್ಲೆಟ್ ಹುಯ್ದ. ಇಬ್ಬರೂ ಈಗ ಜಗಳವಾಡಲಿಲ್ಲ. ರಜನೀಶನೂ ಬಂದಿದ್ದ, ಬಾಳೆ ಎಲೆ ಒರೆಸುವ ಕೆಲಸ ಅವನ ಪಾಲಿಗೆ ಬಂದಿತ್ತು.

ಲಕ್ಷ್ಮಿದೇವಮ್ಮ ಹಿಟ್ಟು ತೊಳಸಿ, ಮುದ್ದೆ ಕಟ್ಟಿ, ತಪ್ಪಲೆಯನ್ನು ಮತ್ತೆ ಸಣ್ಣ ಉರಿಯ ಮೇಲಿಟ್ಟರು. ಚೊಂಬಿನ ಕಡೆಗೆ ತಾನಾಗಿ ಹೋಗಿದ್ದ ಬಲಗೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ಲೇ, ತಪ್ಲೆ ಕಾಯ್ತಾ ಅದೆ. ನೀರ್ ಉಯ್ಯೆ," ಎಂದರು ದೊಡ್ಡಮ್ಮ.

"ಬೇಡಕ್ಕ. ಸೀಕಲು ಬೇಕು. ಎಡೆಗೆ."

ದೊಡ್ಡಮ್ಮನ ಕೈಯಲ್ಲಿದ್ದ ಸೌಟು ಸಾರಿನೊಳಗೇ ನಿಂತಿತು. "ಏನಂದೆ? ಸೀಕಲ್ನ ಎಡೆಗಿಕ್ತಾರಾ? ಬುದ್ಧಿ ನೆಟ್ಟಗದಾ?"

"ಅವರಿಗಿಷ್ಟ ಇದ್ದದ್ದು ಅದೇಯಂತೆ."

"ಅಂತೆ ಏನು, ನಂಗ್ ಗೊತ್ತಿಲ್ವ! ತಪ್ಲೆ ಒಳೀಕೆ ತಲೆ ತೂರಿಸ್ಕಂಡು ಕೂತಿರಾನು."

ಲಕ್ಷ್ಮಿದೇವಮ್ಮ ತಿರುಗಿ ನಿಂತರು. "ನಿಮಗೆ ಗೊತ್ತಿತ್ತಾ? ಮತ್ತೆ ಒಂದು ದಿನ ನಂಗೆ ಹೇಳ್ಬಾರ್ದಿತ್ತಾ ಅಕ್ಕ?"

"ಏನಂತ ಏಳಾನ?" ದೊಡ್ಡಮ್ಮನ ದನಿ ಇಳಿಯಿತು. ಹೊರಗಿದ್ದ ರಜನೀಶನ ಕಡೆ ಒಮ್ಮೆ ನೋಡಿದರು. "ನಾನು ಆ ಮನೇಗೆ ಬಂದಾಗ ಅವನಿನ್ನೂ ಚಡ್ಡಿ ಉಡ್ಗ. ಇಟ್ಟು ಎಲ್ರಿಗೂ ಸಾಲ್ತಿರ್ಲಿಲ್ಲ ಕಣೆ. ಕೂಲಿಗೋಗೋರ್ಗೆ ಮೊದ್ಲು ಇಕ್ಕಾದು. ಕಡೇಲಿ ಇವನ್ ಸರದಿ ಬರಾ ಒತ್ಗೆ ತಪ್ಲೆ ಒಂದೇ ಇರಾದು. ಅತ್ತೆ ಅದ್ನೇ ತಳ ಕಾಯ್ಸಿ ಕೆರಕೊಡೋರು. ಅದು ಇಷ್ಟ ಅಲ್ಲ ಕಣೆ ಲಕ್ಷ್ಮಿ, ಅಸಿವು. ಅಷ್ಟು ಓದಿ ಅದ್ನೆಲ್ಲ ದಾಟ್ಕಂಡು ಬಂದೋನ್ ಎಲೆಗೆ ತಿರ್ಗಾ ಅಸಿವ್ನೇ ಇಕ್ತೀಯಾ?"

ತಪ್ಪಲೆಯಲ್ಲಿ ಹಿಟ್ಟಿನ ಪದರ ಬಿಸಿಗೆ ಚಟಪಟ ಎನ್ನುತ್ತ ಅಂಚು ಬಿಡುತ್ತಿತ್ತು. ಲಕ್ಷ್ಮಿದೇವಮ್ಮನಿಗೆ ಈ ಮಾತು ಗೊತ್ತಿರಲಿಲ್ಲ. ಬೈರಯ್ಯ ಯಾವತ್ತೂ ಆಡಿರಲಿಲ್ಲ. ಉರಿ ಆರಿಸಲೇ ಅನ್ನಿಸಿತು; ಕೈ ಒಲೆಯ ಗುಂಡಿಯ ತನಕ ಹೋಯಿತು. ಆಗ ಬೋರಪ್ಪ ಹೇಳಿದ ಆ ಮುಚ್ಚಿದ ಕಣ್ಣು ನೆನಪಾಯಿತು.

"ಸಂಬಳ ಬರೋ ಕಾಲದಲ್ಲೂ, ಹೊಟ್ಟೆ ತುಂಬ ಉಂಡಾದ್ಮೇಲೂ ಹೋಗಿ ಅಂಗೈ ಒಡ್ತಿದ್ರಂತೆ ಅಕ್ಕ. ಹಸಿವಾಗಿದ್ರೆ ಮೊದಲು ಕೇಳ್ತಿದ್ರು, ಕಡೇಲಿ ಯಾಕೆ?" ಎಂದರು. "ಅತ್ತೆ ಕೈಯಿಂದ ತಿಂದಿದ್ದು ಅದು. ಹಸಿವೋ ರುಚಿಯೋ, ಅವರೇ ತೀರ್ಮಾನ ಮಾಡ್ಕೊಳ್ಲಿ. ನಾನು ಒಂದ್ಸಲಾನೂ ಕೇಳ್ಲಿಲ್ಲ. ಇವತ್ತು ಎಲೆ ಮೇಲೆ ಇಟ್ಟು ಕೇಳ್ತೀನಿ."

ದೊಡ್ಡಮ್ಮ ಬಹಳ ಹೊತ್ತು ಸಾರನ್ನೇ ತಿರುವುತ್ತಿದ್ದರು. ಆಮೇಲೆ ಗೊಣಗಿದರು: "ಉರಿ ಇನ್ನೊಂಚೂರ್ ಸಣ್ಣ ಮಾಡು. ಅತ್ತೆ ಇಷ್ಟು ಉರೀಲಿ ಬುಡ್ತಿರ್ಲಿಲ್ಲ."

ಸಟ್ಟುಗ ತಳಕ್ಕೆ ತಗುಲಿತು. ಕರ ಕರ ಕರ. ಆ ಮನೆಯಲ್ಲಿ ಅದುವರೆಗೆ ಕೇಳದ ಸದ್ದು. ಮಕ್ಕಳಿಬ್ಬರೂ ಬಾಗಿಲಿಗೆ ಬಂದು ಇಣುಕಿದರು.

ಬೈರಯ್ಯನವರ ಫೋಟೊದ ಮುಂದೆ ಎಲೆ ಹಾಸಿ, ಹೊಸ ಪಂಚೆ, ಷರಟು ಇಟ್ಟು, ಎಲ್ಲ ಬಡಿಸಿದ ಮೇಲೆ ಲಕ್ಷ್ಮಿದೇವಮ್ಮ ಸೀಕಲಿನ ಚಕ್ಕೆಗಳನ್ನು ಬಾಳೆ ಎಲೆಯ ತುದಿಯಲ್ಲಿ, ಕೊನೆಯದಾಗಿ ಇಟ್ಟರು. "ಇಷ್ಟನಾ?" ಎಂದು ಯಾರಿಗೂ ಕೇಳಿಸದ ಹಾಗೆ ಕೇಳಿದರು. ಸಾಂಬ್ರಾಣಿ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದುಕೊಂಡರು. ಹಿರಿಯರು ಬಂದು ಉಣ್ಣುವ ತನಕ ಒಳಗೆ ಹೋಗುವ ಹಾಗಿಲ್ಲ.

ಕಾಂಪೌಂಡಿನ ನೆರಳಿನಲ್ಲಿ ಕೂತರು. ಲಕ್ಷ್ಮಿದೇವಮ್ಮ ಕೇಳಿದರು. "ಅವತ್ತೇನೋ ಫಜೀತಿ ಅಂದ್ಯಲ್ಲ ರಜನೀಶ. ಏನದು?"

ರಜನೀಶ್ ನಕ್ಕ. "ಒಬ್ಬರು ತುಂಬ ದೊಡ್ಡ ಅಧಿಕಾರಿ ಬಂದಿದ್ರಮ್ಮ, ಹೊರಗಿನಿಂದ. ನಮ್ಮ ಹಳೇ ಉಪಗ್ರಹ ಒಂದರ ಆಯಸ್ಸು ಮುಗೀತಾ ಬಂದಿತ್ತು. ಅದರ ಇಂಧನದ ಲೆಕ್ಕ ಪೂರ್ತಿ ಗೊತ್ತಿದ್ದೋರು ಸರ್ ಒಬ್ರೇ. ಊಟ ಆಗಿತ್ತು. ಕ್ಯಾಂಟೀನಿನ ಜಗಲಿ ಮೇಲೆ ಎಲ್ಲರೂ ನಿಂತಿದ್ವಿ..."

ಅವನು ಹೇಳುತ್ತ ಹೋದ. ಲಕ್ಷ್ಮಿದೇವಮ್ಮ ಬಾಗಿಲ ಕಡೆ ನೋಡುತ್ತ ಕೇಳುತ್ತಿದ್ದರು. ಆ ಜಗಲಿ ಅವರ ಕಣ್ಣಿಗೆ ಕಟ್ಟುತ್ತ ಬಂತು: ಮಧ್ಯಾಹ್ನದ ಬಿಸಿಲು, ಆಚೆ ಬೆಳ್ಳಗೆ ಹೊಳೆಯುವ ಬಾಂಡ್ಲಿಗಳು, ಇಸ್ತ್ರಿ ಮಾಡಿದ ಷರಟಿನ ಅಧಿಕಾರಿ, ಅವರ ಸುತ್ತ ಕೈಕಟ್ಟಿ ನಿಂತ ಹತ್ತಾರು ಜನ, ನಡುವೆ ಬೈರಯ್ಯ.

"ಪೂರ್ತಿ ಖಾಲಿ ಆಗೋ ತನಕ ಯಾಕೆ ದುಡಿಸಿಕೊಳ್ಳಬಾರದು?" ಎಂದು ಕೇಳಿದರು ಅಧಿಕಾರಿ.

"ಪೂರ್ತಿ ಖಾಲಿ ಆಗೋ ತನಕ," ಎಂದು ಬೈರಯ್ಯ ಮೊದಲು ವಾಪಸ್ ಹೇಳಿದರು. ಬಳಿಕ, "ಹಾಗೆ ಬಿಡೋಕಾಗಲ್ಲ ಸರ್. ತಳದಲ್ಲಿ ಒಂದು ಚೂರು ಉಳಿಸಿಕೊಂಡಿರ್ಬೇಕು. ಅದರ ಕೆಲಸ ಎಲ್ಲ ಮುಗಿದ ಮೇಲೆ ಆ ಉಳಿದ ಚೂರಿನಲ್ಲೇ ಅದನ್ನ ಇನ್ನೂ ಮೇಲಕ್ಕೆ ಕಳಿಸ್ಬೇಕು, ಯಾರ ದಾರಿಗೂ ಅಡ್ಡ ಬರದ ಕಡೆಗೆ. ಒಂದ್ಸಲ ಅಲ್ಲಿಗೆ ಹೋಯ್ತು ಅಂದ್ರೆ ಆಮೇಲೆ ಅದು..."

ಒಳಗಿನಿಂದ ಸದ್ದು ಬಂತು. ಕರ ಕರ ಕರ.

"ಆಮೇಲೆ ಅದು ಏನಾಗುತ್ತೆ ಬೈರಯ್ಯನವರೆ?" ಎಂದರು ಅಧಿಕಾರಿ.

ಬೈರಯ್ಯ ವಾಪಸ್ ಹೇಳಲಿಲ್ಲ. ಅರ್ಧ ಮಾತನ್ನು ಜಗಲಿಯ ಮೇಲೆ ಹಾಗೇ ಬಿಟ್ಟು, ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ, ಅಷ್ಟು ಜನರ ನಡುವಿನಿಂದ ಅಡುಗೆಮನೆಯ ಬಾಗಿಲ ಕಡೆಗೆ ನಡೆದುಬಿಟ್ಟರು.